ಮುಂಜಾನೆ ಹೊಟ್ಟೆ ತುಂಬ ಉಣ್ಣು, ತಮ್ಮಾ

ತಮ್ಮಾ, ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ ಅಂತ ಬರೆದಿದ್ದೀಯ. ಮನೆ ಬಾಡಿಗೆ, ಬ್ಯಾಂಕ್, ಬಸ್ ಪಾಸ್ ಎಲ್ಲ ಕೇಳಿದ್ದೀಯ. ಅವೆಲ್ಲ ತಾವಾಗೇ ದಾರಿಗೆ ಬರುತ್ತವೆ. ಆದರೆ ಕೊನೆಗೆ "ಅಕ್ಕಾರ, ಮುಂಜಾನೆ ಬ್ರೆಡ್ ತಿಂದ್ರ ಹೊಟ್ಟಿ ತುಂಬವಲ್ದು, ಹನ್ನೊಂದಕ್ಕ ತಲಿ ತಿರಗ್ತದ" ಅಂದೆಯಲ್ಲ, ನಾನು ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಹೊಸ ದೇಶದಲ್ಲಿ ಕಾಲೂರುವ ಹೊತ್ತಿಗೆ ಬೇರೆ ಏನಾದರೂ ಬಿಡು, ಮುಂಜಾನೆಯ ಊಟ ಮಾತ್ರ ಬಿಡಬೇಡ.

ನೀನು ಮುದ್ದೇಬಿಹಾಳದವನು, ನಾನು ತಾಳಿಕೋಟೆ ಕಡೆಯವಳು. ಇಬ್ಬರೂ ಜೋಳ ಉಂಡು ಬೆಳೆದವರು. ನಮ್ಮ ಡೋಣಿ ನದಿಯ ದಂಡೆಯ ಹೊಲಗಳ ಬಗ್ಗೆ "ಡೋಣಿ ಬೆಳೆದರ ಓಣೆಲ್ಲ ಕಾಳು" ಅನ್ನೋದನ್ನ ನಿಮ್ಮ ಮನೆಯಲ್ಲೂ ಕೇಳಿರುತ್ತೀಯ. ಎರೆ ಹೊಲದಲ್ಲಿ ಹಿಂಗಾರಿಗೆ ಬಿತ್ತಿ, ಬೇಸಿಗೆ ಹತ್ತಿರ ಬರುವಾಗ ರಾಶಿ ಮಾಡುವ ಮಾಲ್ದಂಡಿ ಜೋಳ ಅದು. ನಸುಕಿನಲ್ಲಿ ಒಂದು ಕಪ್ ಚಹಾ, ಆಮೇಲೆ ಹೊತ್ತೇರಿದಾಗ ಹೊಲದಲ್ಲಿ ನ್ಯಾರಿ, ಅಂದರೆ ಮುಂಜಾನೆಯ ಊಟ. ಬುತ್ತಿ ಬಿಚ್ಚಿದರೆ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಬಿಸಿಲು ಜಾಸ್ತಿ ಆದರೆ ನುಚ್ಚು-ಮಜ್ಜಿಗೆ.

ನನಗೆ ಎಲ್ಲಕ್ಕಿಂತ ಇಷ್ಟ ಮುಟಗಿ. ದಪ್ಪ ರೊಟ್ಟಿಯನ್ನು ಹಂಚಿನಿಂದ ಇಳಿಸಿದ ಕೂಡಲೇ, ಬಿಸಿ ಆರುವ ಮೊದಲೇ, ಮುರಿದು ಕಲ್ಲಿಗೆ ಹಾಕಬೇಕು. ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರಪುಡಿ ಸೇರಿಸಿ ಕುಟ್ಟಬೇಕು. ಅವ್ವ ಅದನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ಮೇಲೆ ಹಾಕಿದ ತುಪ್ಪ ಆ ಗುಳಿಗಳಲ್ಲಿ ನಿಲ್ಲುತ್ತಿತ್ತು. ಅಷ್ಟು ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಮಾತೇ ಇಲ್ಲ.

ಈಗ ಊರಲ್ಲೂ ಮುಂಜಾನೆ ಬದಲಾಗಿದೆ, ಅಲ್ವಾ? ಅವಲಕ್ಕಿ, ಉಪ್ಪಿಟ್ಟು, ಇಡ್ಲಿ-ವಡಾ, ರವಿವಾರ ಬಂದರೆ ಚುರುಮುರಿ ಸೂಸ್ಲಾ ಜೊತೆ ಮಿರ್ಚಿ ಭಜಿ. ರೊಟ್ಟಿ ಮಧ್ಯಾಹ್ನಕ್ಕೆ ಸರಿಯಿತು. ಹೊಲದ ಕೆಲಸ ಬಿಟ್ಟ ಮನೆಗಳಲ್ಲಿ ಅದು ಸಹಜವೇ. ಇಲ್ಲಿಯವರ ಕಥೆಯೂ ಅದೇ. ಮೊಟ್ಟೆ, ಬೇಕನ್, ಸಾಸೇಜ್, ಬೇಕ್ಡ್ ಬೀನ್ಸ್, ಅಣಬೆ, ಟೊಮೆಟೊ, ಟೋಸ್ಟ್ ತುಂಬಿದ ಆ ದೊಡ್ಡ ತಟ್ಟೆ ಈಗ ಹೆಚ್ಚಾಗಿ ರಜೆಯ ದಿನಕ್ಕೆ. ವಾರದ ದಿನ ಸೀರಿಯಲ್ ಇಲ್ಲವೇ ಒಂದು ಟೋಸ್ಟ್ ತಿಂದು ಓಡುತ್ತಾರೆ. ನೀನು ನೋಡಿದ್ದು ಅವರ ವಾರದ ದಿನವನ್ನು. ಆಫೀಸಿನವರು ಶನಿವಾರ ಕೆಫೆಗೆ ಕರೆದರೆ ಖಂಡಿತ ಹೋಗು. ಗೆಳೆತನ ಬೆಳೆಯೋದು ಅಲ್ಲೇ. ನೀನು ಮಾಂಸ ತಿನ್ನೋದಿಲ್ಲ ಅಂದೆ, ಹಾಗಾದರೆ ವೆಜಿಟೇರಿಯನ್ ಬ್ರೇಕ್‌ಫಾಸ್ಟ್ ಅಂತ ಮೊದಲೇ ಹೇಳು. ಬ್ಲ್ಯಾಕ್ ಪುಡ್ಡಿಂಗ್ ಅನ್ನೋ ಹೆಸರು ನೋಡಿ ಸಿಹಿ ಅಂದುಕೊಳ್ಳಬೇಡ, ಅದನ್ನು ಹಂದಿಯ ರಕ್ತದಿಂದ ಮಾಡುತ್ತಾರೆ.

ಜೋಳದ ಹಿಟ್ಟಿಗೆ ಬೆಲ್‌ಗ್ರೇವ್ ರೋಡ್ ಕಡೆಯ ಗುಜರಾತಿ ಅಂಗಡಿಗಳಿಗೆ ಹೋಗು, ಜುವಾರ್ ಅಂತ ಕೇಳು. 1972ರಲ್ಲಿ ಯುಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿದ್ದ ಏಷ್ಯಾದವರಿಗೆ, ಹೆಚ್ಚಾಗಿ ಗುಜರಾತಿಗಳಿಗೆ, 90 ದಿನಗಳಲ್ಲಿ ದೇಶ ಬಿಡಿ ಅಂದಾಗ, ಲೆಸ್ಟರ್‌ನ ನಗರಸಭೆ ಇಲ್ಲಿಗೆ ಬರಬೇಡಿ ಅಂತ ಯುಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿತ್ತು. ಆದರೂ ಸಾವಿರಾರು ಜನ ಬಂದರು. ಬಿಟ್ಟು ಬಂದಿದ್ದನ್ನು ನೆನೆದು ಕೂರದೆ ಅಂಗಡಿ ಹಾಕಿದರು. ನಮಗೆ ಇಲ್ಲಿ ಜೋಳ, ಸಜ್ಜೆ, ಹೆಸರು ಸಿಗೋದು ಅವರ ದುಡಿಮೆಯಿಂದ. ಆ ರಸ್ತೆಯಲ್ಲಿ ಚೀಲ ಹಿಡಿದು ನಡೆಯುವಾಗಲೆಲ್ಲ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಪ್ಯಾಕೆಟ್ ಹಿಟ್ಟು ಹಳೆಯದಾಗಿರುತ್ತದೆ, ಹಾಗಾಗಿ ರೊಟ್ಟಿಯ ಅಂಚು ಬಿರಿಯುತ್ತದೆ. ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಕುದಿಯುವ ನೀರೇ ಅದನ್ನು ಹಿಡಿದಿಡಬೇಕು. ಎಸರು ಚೆನ್ನಾಗಿ ಕುದಿಯಲಿ. ಹಿಟ್ಟು ಹಾಕಿ ಸ್ವಲ್ಪ ಹೊತ್ತು ಮುಚ್ಚಿಡು. ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದು, ಆರಿದ ಮೇಲೆ ನಾದಿದರೆ ಪ್ರಯೋಜನ ಇಲ್ಲ. ಬಡಿಯಲು ಬರದಿದ್ದರೆ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಲಟ್ಟಿಸು, ಯಾರೂ ಏನೂ ಅನ್ನೋದಿಲ್ಲ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರು. ನೀರು ಆರುತ್ತಿರುವಾಗಲೇ ತಿರುವಿ ಹಾಕು. ದಪ್ಪ ಕಬ್ಬಿಣದ ಹಂಚು ತಗೋ, ಅದಕ್ಕೆ ದುಡ್ಡು ಉಳಿಸಬೇಡ.

ದಿನಾ ರೊಟ್ಟಿ ಆಗೋದಿಲ್ಲ, ಗೊತ್ತು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ 8 ಗಂಟೆ ದಾಟಿದ ಮೇಲೇ ಬೆಳಗಾಗೋದು. ಸಂಜೆ 4ಕ್ಕೆಲ್ಲ ಕತ್ತಲು. ಆ ಕತ್ತಲಲ್ಲಿ ಎದ್ದು ತಣ್ಣನೆ ಹಾಲಿಗೆ ಸೀರಿಯಲ್ ಸುರಿದುಕೊಂಡರೆ ಮನಸ್ಸೂ ತಣ್ಣಗಾಗುತ್ತದೆ. ಅದೇ ಗುಜರಾತಿ ಅಂಗಡಿಗಳಲ್ಲಿ ಇಡೀ ಜೋಳ ಸಿಗುತ್ತದೆ. ಮಿಕ್ಸರ್‌ನಲ್ಲಿ ತರಿತರಿಯಾಗಿ ಒಡೆದಿಟ್ಟುಕೋ. ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರ್‌ಗೆ ಹಾಕಿ ಸ್ನಾನಕ್ಕೆ ಹೋಗು. ಬರುವಷ್ಟರಲ್ಲಿ ಬಿಸಿ ನುಚ್ಚು ತಯಾರು. ಇಲ್ಲಿನ ಗ್ರೀಕ್ ಯೋಗರ್ಟ್ ನಮ್ಮ ಗಟ್ಟಿ ಮೊಸರಿಗೆ ಹತ್ತಿರ ಇದೆ, ಅದನ್ನೇ ಕಲಸಿಕೋ. ಕುರ್ಚಿ ಎಳೆದು ಕೂತು ಉಣ್ಣು. ನಿಂತುಕೊಂಡು, ಫೋನ್ ನೋಡುತ್ತ ತಿನ್ನೋದು ಬೇಡ. ಮನೆಯಲ್ಲಿ ಒಬ್ಬನೇ ಇರುವವನಿಗೆ ಆ ಹತ್ತು ನಿಮಿಷ ತುಂಬ ಮುಖ್ಯ.

ಒಂದು ಎಚ್ಚರಿಕೆ. ಶೇಂಗಾ ಹಿಂಡಿಯ ಡಬ್ಬಿ ಆಫೀಸಿಗೆ ಒಯ್ಯುವ ಮೊದಲು ಅಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯಾ ಕೇಳು. ಕೆಲವರಿಗೆ ಅದು ಜೀವಕ್ಕೇ ಅಪಾಯ.

ನಿಮ್ಮವ್ವ ಬೇಸಿಗೆಯಲ್ಲಿ ಬರುತ್ತಾರೆ ಅಂದೆ. ಕುಂದಾ, ಪೇಡೆ, ತುಪ್ಪ ಬೇಡ ಅನ್ನು. ಭಾರತದಿಂದ ಹಾಲಿನ ಪದಾರ್ಥ ಈ ದೇಶದೊಳಗೆ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ಕಿತ್ತುಕೊಂಡರೆ ಅವರಿಗೆ ಸುಮ್ನೆ ನೋವು. ಅಗಸಿ ಇಲ್ಲಿನ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ, ಹುರಿದು ಹಿಂಡಿ ಮಾಡಿಕೊಳ್ಳಬಹುದು. ಗುರೆಳ್ಳು (ಹುಚ್ಚೆಳ್ಳು) ಮಾತ್ರ ಗಾರ್ಡನ್ ಸೆಂಟರ್‌ಗಳಲ್ಲಿ ಹಕ್ಕಿಗಳಿಗೆ ಹಾಕುವ ಕಾಳಾಗಿ ಮಾರುತ್ತಾರೆ, ಅದನ್ನು ಅಡುಗೆಗೆ ತರಬೇಡ. ಹಾಗಾಗಿ ಗುರೆಳ್ಳು ಹಿಂಡಿಯನ್ನೇ ಜಾಸ್ತಿ ತರಲು ಹೇಳು. ಜೊತೆಗೆ ಖಡಕ್ ರೊಟ್ಟಿ. ಅರಿವೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟರೆ ಒಡೆಯೋದು ಕಡಿಮೆ.