ಜರ್ಮನಿಯವರು ನಿಜಕ್ಕೂ ಒರಟರಾ? ಭಾರತೀಯರನ್ನು ಕೀಳಾಗಿ ಕಾಣ್ತಾರಾ?

ಕೆಲಸದ ಮೇಲೆ ಜರ್ಮನಿಗೆ ಹೊರಟಿದ್ದೀರಿ, ಅಲ್ಲಿನವರು ಮುಖ ಕೊಟ್ಟು ಮಾತಾಡಲ್ಲ, ನಮ್ಮವರನ್ನು ಕಂಡರೆ ಅಸಡ್ಡೆ ಅಂತ ಕೇಳಿ ಅಳುಕಾಗಿದೆ ಎಂದು ಬರೆದಿದ್ದೀರಿ. ಅಸಡ್ಡೆಯಂತೆ ಕಾಣುವುದರಲ್ಲಿ ಬಹುಪಾಲು ನಮಗೆ ಗೊತ್ತಿರದ ನಿಯಮ, ಉಳಿದದ್ದು ನಿಜವಾದ ಪೂರ್ವಗ್ರಹ. ಯಾವುದು ಯಾವುದು ಎಂದು ಗುರುತಿಸಲು ಬರಬೇಕು, ಏಕೆಂದರೆ ಎರಡಕ್ಕೂ ಮದ್ದು ಬೇರೆ.

ಮೊದಲು ಆಫೀಸಿನ ಮಾತು. ನಾವು ಆಗಲ್ಲ ಅನ್ನೋಕೆ "ನೋಡೋಣ", "ಟ್ರೈ ಮಾಡ್ತೀನಿ" ಅಂತೀವಿ. ಅಲ್ಲಿ ಅದನ್ನು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ. ಗಡುವಿನ ದಿನ ಕೆಲಸ ಆಗಿರುವುದಿಲ್ಲ. "ಭಾರತೀಯರು ಎಲ್ಲದಕ್ಕೂ ಹೂಂ ಅಂತಾರೆ, ಮಾಡಲ್ಲ" ಎಂಬ ಮಾತು ಹುಟ್ಟುವುದು ಇಲ್ಲೇ. ತಲೆ ಅಲ್ಲಾಡಿಸುವ ನಮ್ಮ ಅಭ್ಯಾಸವೂ ಅವರಿಗೆ 'ಇಲ್ಲ' ಅಥವಾ 'ಗೊತ್ತಿಲ್ಲ' ಎಂದೇ ಕಾಣುತ್ತದೆ. "ಶುಕ್ರವಾರಕ್ಕೆ ಆಗಲ್ಲ, ಮಂಗಳವಾರ ಕೊಡ್ತೀನಿ" ಎಂದು ಬಾಯಿಬಿಟ್ಟು ಹೇಳಿ, ಯಾರೂ ಬೇಸರ ಮಾಡಿಕೊಳ್ಳಲ್ಲ. ಹಾಗೆಯೇ ಮೀಟಿಂಗಿನಲ್ಲಿ "ಇದು ತಪ್ಪು" ಎಂದವರು ಕೆಲಸದ ಬಗ್ಗೆ ಹೇಳಿದ್ದು, ನಿಮ್ಮ ಬಗ್ಗೆ ಅಲ್ಲ.

ಜರ್ಮನ್ ಭಾಷೆಯಲ್ಲಿ 'ಝೀ' ಅಂದರೆ ನೀವು, 'ಡು' ಅಂದರೆ ನೀನು. ಕನ್ನಡದವರಿಗೆ ಇದು ಸುಲಭವೇ, ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಸಲಿಗೆ ಬೆಳೆದಂತೆ 'ನೀನು' ತಾನಾಗಿ ಬರುತ್ತದೆ. ಅಲ್ಲಿ ಹಿರಿಯರೋ ಮೇಲಿನವರೋ "ಇನ್ನು ಡು ಅನ್ನೋಣ" ಎಂದು ಬಾಯಲ್ಲೇ ಹೇಳುತ್ತಾರೆ. ಅಲ್ಲಿಯವರೆಗೂ ಪಕ್ಕದ ಮನೆಯವರನ್ನು ಮನೆತನದ ಹೆಸರು ಹಿಡಿದೇ ಕರೆಯಿರಿ. ಹುಟ್ಟುಹಬ್ಬಕ್ಕೆ ಮುಂಚಿತವಾಗಿ ಶುಭಾಶಯ ಹೇಳಬೇಡಿ, ಅದು ಅಪಶಕುನ.

ನಮ್ಮವರು ಹೆಚ್ಚು ಪೆಟ್ಟು ತಿನ್ನುವುದು ಮನೆಯಲ್ಲಿ. ಚಳಿಗಾಲದಲ್ಲಿ ಅನ್ನ, ಸಾರು ಕುದಿಯುವಾಗ ಏಳುವ ಹಬೆ ಹೋಗಲೆಂದು ಕಿಟಕಿಯನ್ನು ಮೇಲಿನಿಂದ ಸ್ವಲ್ಪ ವಾಲಿಸಿ ದಿನವಿಡೀ ಬಿಡುತ್ತಾರೆ. ಗಾಳಿ ಸರಿಯಾಗಿ ಬದಲಾಗಲ್ಲ, ಕಿಟಕಿ ಸುತ್ತಿನ ಗೋಡೆ ಮಾತ್ರ ತಣ್ಣಗಾಗುತ್ತದೆ. ಹಬೆ ಅಲ್ಲೇ ನೀರಾಗಿ ಕೂರುತ್ತದೆ, ಮೂಲೆಯಲ್ಲಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಬ್ಬುತ್ತದೆ. ಅವರ ಕ್ರಮ ಹೀಗೆ: ಹೀಟರ್ ತಗ್ಗಿಸಿ, ಕಿಟಕಿಯನ್ನು ಪೂರ್ತಿ ತೆರೆದು 5ರಿಂದ 10 ನಿಮಿಷ ಬಿಟ್ಟು ಮುಚ್ಚಬೇಕು, ದಿನಕ್ಕೆ ಮೂರು ನಾಲ್ಕು ಸಲ. ಅಡುಗೆ ಮಾಡುವಾಗ ಅಡುಗೆಮನೆಯ ಬಾಗಿಲು ಮುಚ್ಚಿರಲಿ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣಿನ ಅಂತರದಲ್ಲಿಡಿ. ತೇವಮಾಪಕ ಶೇ. 60 ದಾಟದಿದ್ದರೆ ಸಾಕು. ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯವರೆಗೂ ಇರುತ್ತದೆ. ಬೂಷ್ಟಿನ ಹೆಸರಲ್ಲಿ ಮಾಲೀಕರು ಅದನ್ನು ಹಿಡಿದರೆ "ಭಾರತೀಯರು ಮನೆ ಹಾಳು ಮಾಡ್ತಾರೆ" ಎಂಬ ಮಾತೂ ಜೊತೆಗೆ ಬರುತ್ತದೆ. ಆದ್ದರಿಂದ ಮನೆ ಹಿಡಿದ ದಿನವೇ ಗೋಡೆ ಮೂಲೆಗಳ ಫೋಟೋ ತೆಗೆದು, ಇದ್ದ ಕಲೆಗಳನ್ನು ಹಸ್ತಾಂತರ ಪತ್ರದಲ್ಲಿ ಬರೆಸಿ ನೀವೂ ಮಾಲೀಕರೂ ಸಹಿ ಹಾಕಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಗೋಡೆ ಕೊರೆಯುವುದು, ಗಾಜಿನ ಬಾಟಲಿಗಳನ್ನು ಬೀದಿ ಡಬ್ಬಿಗೆ ಹಾಕುವುದು ಇವೆಲ್ಲ ಸೋಮವಾರಕ್ಕೆ ಇರಲಿ. ಇದಕ್ಕಾಗಿ ಬಾಗಿಲಿಗೆ ಚೀಟಿ ಅಂಟಿಸುವವರು ಜರ್ಮನ್ ನೆರೆಯವರ ಬಾಗಿಲಿಗೂ ಅಂಟಿಸುತ್ತಾರೆ.

ಇನ್ನು ನಿಜವಾದ ಪೂರ್ವಗ್ರಹ. "ನಿನ್ನ ಜಾತಿ ಯಾವುದು?", "ಮದುವೆ ಅಪ್ಪ ಅಮ್ಮನೇ ಮಾಡಿಸ್ತಾರಾ?" ಎಂಬ ಪ್ರಶ್ನೆಗಳು ಬರುತ್ತವೆ. ಕುತೂಹಲದಿಂದ ಕೇಳಿದವರಿಗೆ ಒಮ್ಮೆ ಉತ್ತರಿಸಿ, ಚುಚ್ಚಲು ಕೇಳಿದವರಿಗೆ "ಇದು ನನ್ನ ಸ್ವಂತ ವಿಷಯ" ಅಂದರೆ ಸಾಕು. ನೇರ ಮಾತನ್ನು ಅವರು ಗೌರವಿಸುತ್ತಾರೆ.

ಆದರೆ ನಿಮ್ಮ ಹೆಸರು ಕೇಳಿದ ಕೂಡಲೇ ಮನೆ "ಆಗಲೇ ಹೋಯ್ತು" ಅಂದು, ಜಾಹೀರಾತು ಮಾತ್ರ ಹಾಗೇ ಇದ್ದರೆ ಸುಮ್ಮನಿರಬೇಡಿ. ಜನಾಂಗದ ಕಾರಣಕ್ಕೆ ಭೇದ ಮಾಡುವುದನ್ನು 2006ರ ಸಮಾನ ವರ್ತನೆ ಕಾನೂನು ತಡೆಯುತ್ತದೆ. ಮಾಲೀಕರು ಅದೇ ಆವರಣದಲ್ಲಿ ವಾಸವಿದ್ದರೆ ಮಾತ್ರ ಅದು ಅನ್ವಯಿಸದಿರಬಹುದು. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಮರುದಿನ ಜರ್ಮನ್ ಹೆಸರಿನ ಗೆಳೆಯರೊಬ್ಬರಿಂದ ಅದೇ ಸಂಬಳ, ಅದೇ ಕೆಲಸ ಹೇಳಿ ಕೇಳಿಸಿ, ಸಿಕ್ಕ ಉತ್ತರವನ್ನೂ ಇಟ್ಟುಕೊಳ್ಳಿ. ಜರ್ಮನಿಯ ಕೇಂದ್ರ ಸರ್ಕಾರದ ತಾರತಮ್ಯ ವಿರೋಧಿ ಕಚೇರಿ ಉಚಿತವಾಗಿ ಸಲಹೆ ಕೊಡುತ್ತದೆ. ಪರಿಹಾರದ ಬೇಡಿಕೆಯನ್ನು ಎರಡು ತಿಂಗಳೊಳಗೆ ಲಿಖಿತವಾಗಿ ಕಳಿಸಿಬಿಡಿ, ಗಡುವು ಅಷ್ಟೇ ಇರುವುದು.