ಒಂದೇ ಡ್ರಮ್, ಎರಡು ಲೇಬಲ್

ಪ್ರಶ್ನೆ: ಕಾರ್ಖಾನೆಯೊಂದರ ಸಾಲ್ವೆಂಟ್ ಸ್ಟೋರ್‌ಗೆ ಹೊಸದಾಗಿ ಸೇರಿದ್ದೇನೆ. ಅಲ್ಲಿ ಬೆಂಜೀನ್ ಡ್ರಮ್ ಮೇಲೆ ಎರಡು ಲೇಬಲ್ ಇವೆ. ಒಂದು ಪೂರ್ತಿ ಕೆಂಪು, ಬೆಂಕಿಯ ಚಿತ್ರ, ಕೆಳಗೆ 3. ಇನ್ನೊಂದು ಬಿಳಿ, ಕೆಂಪು ಅಂಚು, ಒಳಗೆ ಎದೆಯ ಮೇಲೆ ನಕ್ಷತ್ರದಂಥ ಗುರುತಿರುವ ಮನುಷ್ಯ. ಯಾವುದನ್ನು ನಂಬಬೇಕು? ಬ್ಯಾಟರಿ ಪೆಟ್ಟಿಗೆಗಳ ಮೇಲೆ 9 ಅಂತ ಇರುತ್ತದೆ. ಅದು ಇನ್ನೂ ಜಾಸ್ತಿ ಅಪಾಯವೇ?

ಉತ್ತರ: ಎರಡನ್ನೂ ನಂಬಿ. ಅವು ಬೇರೆ ಬೇರೆ ಜನರಿಗಾಗಿ ಅಂಟಿಸಿದ ಲೇಬಲ್‌ಗಳು.

ಕೆಂಪು ಲೇಬಲ್ ಸಾಗಣೆಯದು. ವಿಶ್ವಸಂಸ್ಥೆಯ ಸಾಗಣೆ ನಿಯಮಾವಳಿ ಅಪಾಯಕಾರಿ ವಸ್ತುಗಳನ್ನು 9 ವರ್ಗ ಮಾಡಿದೆ. ಲಾರಿ ಮಗುಚಿದರೆ, ಡ್ರಮ್ ಸೋರಿದರೆ ಆ ಹೊತ್ತಿಗೆ ಏನಾಗುತ್ತದೆ ಅನ್ನುವುದು ಅದರ ಚಿಂತೆ. ದ್ರವದ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಗೆ ಫ್ಲ್ಯಾಶ್ ಪಾಯಿಂಟ್ ಅಂತಾರೆ. ಅದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ 3ನೇ ವರ್ಗ. ಬೆಂಜೀನ್‌ದು ಸುಮಾರು ಮೈನಸ್ 11. ಅಂದರೆ ಸ್ಟೋರ್ ಎಷ್ಟೇ ತಣ್ಣಗಿದ್ದರೂ ಆವಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ಬಿಳಿ ಲೇಬಲ್ ಜಿಎಚ್‌ಎಸ್ ಅನ್ನುವ ಪದ್ಧತಿಯದು. ರಾಸಾಯನಿಕಗಳನ್ನು ಎಲ್ಲ ದೇಶಗಳಲ್ಲೂ ಒಂದೇ ರೀತಿ ವಿಂಗಡಿಸಿ ಲೇಬಲ್ ಹಾಕಲಿ ಅಂತ ವಿಶ್ವಸಂಸ್ಥೆ 2003ರಲ್ಲಿ ಇದನ್ನು ಪ್ರಕಟಿಸಿತು. ಇದರಲ್ಲಿ ಬೆಂಕಿಯ ಲೆಕ್ಕವೂ ಇದೆ. ಜೊತೆಗೆ, ದಿನಾ ಆ ಡ್ರಮ್ ಪಕ್ಕದಲ್ಲೇ ಉಸಿರಾಡುವವರಿಗೆ ವರ್ಷಗಳ ಮೇಲೆ ಏನಾಗುತ್ತದೆ ಅಂತಲೂ ಇದು ಕೇಳುತ್ತದೆ. ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ತರುತ್ತದೆ ಅನ್ನುವುದು ಸಾಬೀತಾದ ವಿಷಯ. ಸಾಗಣೆಯ 9 ವರ್ಗಗಳಲ್ಲಿ ಕ್ಯಾನ್ಸರ್‌ಗೆ ಅಂತಲೇ ಒಂದು ವರ್ಗ ಇಲ್ಲ. ಅದಕ್ಕೇ ಕೆಂಪು ಲೇಬಲ್ ಆ ಬಗ್ಗೆ ಏನೂ ಹೇಳುವುದಿಲ್ಲ.

ಕೆಮಿಕಲ್ ಗೋದಾಮುಗಳಲ್ಲಿ ಹೊಸಬರಿಗೆ ತರಬೇತಿ ಕೊಡುವುದು ನನ್ನ ಕೆಲಸವಾಗಿತ್ತು. ಬೆಂಕಿಯ ಚಿತ್ರಕ್ಕೆ ಎಲ್ಲರೂ ಹೆದರುತ್ತಾರೆ. ಬೀಡಿ, ಮೊಬೈಲ್ ಎಲ್ಲ ಹೊರಗೆ ಇಟ್ಟು ಬರುತ್ತಾರೆ. ಆದರೆ ಆ ನಕ್ಷತ್ರದ ಮನುಷ್ಯನನ್ನು ದಾಟಿಕೊಂಡು ಹೋಗಿ, ಮಾಸ್ಕ್ ಇಲ್ಲದೆ ಮುಚ್ಚಳ ತೆಗೆಯುತ್ತಾರೆ. ಇವತ್ತು ಏನೂ ಆಗಲಿಲ್ಲ, ನಾಳೆಯೂ ಆಗಲಿಲ್ಲ ಅಂದಾಗ ಧೈರ್ಯ ಬರುತ್ತದೆ, ಅಲ್ವಾ? ನನಗೆ ಜಾಸ್ತಿ ಭಯವಾಗುತ್ತಿದ್ದದ್ದು ಆ ಧೈರ್ಯ ನೋಡಿಯೇ.

ಇನ್ನು 9ರ ವಿಷಯ. ವರ್ಗದ ಸಂಖ್ಯೆ ಬಸ್ಸಿನ ನಂಬರ್ ಇದ್ದ ಹಾಗೆ, ಅದರಲ್ಲಿ ದೊಡ್ಡದು ಚಿಕ್ಕದು ಅಂತ ಇಲ್ಲ. 1 ಸ್ಫೋಟಕ, 2 ಅನಿಲ, 6ರಲ್ಲಿ ವಿಷ ಮತ್ತು ಸೋಂಕಿನ ವಸ್ತು, 7 ವಿಕಿರಣ, 8 ಸುಟ್ಟು ಕೊರೆಯುವಂಥದ್ದು. ಉಳಿದ ಎಂಟರಲ್ಲಿ ಸರಿಯಾಗಿ ಕೂರದೇ ಇದ್ದವು 9ಕ್ಕೆ ಬರುತ್ತವೆ. ಹಾಗಾಗಿ ಲಿಥಿಯಂ ಬ್ಯಾಟರಿ, ಡ್ರೈ ಐಸ್, ಆಸ್ಬೆಸ್ಟಾಸ್ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೂ ಒಂದೇ ಗುಂಪಿನಲ್ಲಿವೆ.

ತೀವ್ರತೆ ತಿಳಿಯಲು ನೋಡಬೇಕಾದದ್ದು ಪ್ಯಾಕಿಂಗ್ ಗ್ರೂಪ್. ಅದರಲ್ಲಿ ಒಂದು ಅತಿ ಅಪಾಯ, ಮೂರು ಕಡಿಮೆ. ಬೆಂಜೀನ್ ಎರಡನೆಯದು. ಎಲ್ಲ ವರ್ಗಕ್ಕೂ ಈ ಗ್ರೂಪ್ ಇರುವುದಿಲ್ಲ. ಅನಿಲಗಳಿಗೆ ಇಲ್ಲ, ಬ್ಯಾಟರಿಗೂ ಇಲ್ಲ.

ನೀವು ಈ ವಾರ ಒಂದು ಕೆಲಸ ಮಾಡಿ. ಬೆಂಜೀನ್‌ನ ಎಸ್‌ಡಿಎಸ್, ಅಂದರೆ ಸುರಕ್ಷತಾ ಮಾಹಿತಿಯ ಹಾಳೆ, ಕೇಳಿ ಪಡೆಯಿರಿ. ಅದರಲ್ಲಿ 16 ಭಾಗ ಇರುತ್ತವೆ. ಸಾಗಣೆಯ ವರ್ಗ 14ನೇ ಭಾಗದಲ್ಲಿದೆ. ಡ್ರಮ್ ಹತ್ತಿರ ನಿಲ್ಲುವವರು ನೀವು, ಹಾಗಾಗಿ ಮೊದಲು 2 ಮತ್ತು 8 ಓದಿ. ಎರಡರಲ್ಲಿ ಎಲ್ಲ ಅಪಾಯಗಳ ಪಟ್ಟಿ, ಎಂಟರಲ್ಲಿ ಯಾವ ಕೈಗವಸು, ಯಾವ ಮಾಸ್ಕ್ ಅನ್ನುವ ವಿವರ ಇರುತ್ತದೆ. ಅಲ್ಲಿ ಹೇಳಿದ ಮಾಸ್ಕ್ ಕೊಡದಿದ್ದರೆ ಡ್ರಮ್ ತೆರೆಯಬೇಡಿ, ಮೇಲ್ವಿಚಾರಕರಿಗೆ ಬರವಣಿಗೆಯಲ್ಲೇ ಕೇಳಿ.