ಯುದ್ಧದ ಸಿನಿಮಾಗಳು ಒಂದು ದೇಶದ ನೆನಪನ್ನು ಹೇಗೆ ರೂಪಿಸುತ್ತವೆ?

ಯುದ್ಧವನ್ನು ಕಣ್ಣಾರೆ ಕಂಡವರು ಕಡಿಮೆ, ಯುದ್ಧದ ಸಿನಿಮಾ ನೋಡಿದವರು ಜಾಸ್ತಿ. ಹಾಗಾಗಿ ಪರದೆ ಮೇಲೆ ಕಂಡದ್ದೇ ನೆನಪಾಗಿ ಉಳಿದುಬಿಡುತ್ತದೆ.

1997ರ ಹಿಂದಿ ಸಿನಿಮಾ ‘ಬಾರ್ಡರ್’ ತಗೊಳ್ಳಿ. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ನಡೆದ ಕಾಳಗದ ಕಥೆ ಅದು. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಸುಮಾರು 120 ಸೈನಿಕರನ್ನು ಕಟ್ಟಿಕೊಂಡು ಪಾಕಿಸ್ತಾನದ ಟ್ಯಾಂಕ್ ಪಡೆಯನ್ನು ರಾತ್ರಿಯಿಡೀ ತಡೆದದ್ದು ನಿಜ. ಬೆಳಗಾಗುತ್ತಲೇ ನಮ್ಮ ಹಂಟರ್ ವಿಮಾನಗಳು ಬಂದು ಟ್ಯಾಂಕ್‌ಗಳನ್ನು ಪುಡಿಗಟ್ಟಿದ್ದೂ ನಿಜ. ಆದರೆ ಸಿನಿಮಾದಲ್ಲಿ ನಮ್ಮವರು ಒಬ್ಬರ ಹಿಂದೆ ಒಬ್ಬರು ಸಾಯುತ್ತಾರೆ. ಅಸಲಿಗೆ ಅಲ್ಲಿ ತೀರಿಕೊಂಡ ನಮ್ಮ ಸೈನಿಕರು ಇಬ್ಬರು. ಸುನೀಲ್ ಶೆಟ್ಟಿ ಮಾಡಿದ ಭೈರೋಂ ಸಿಂಗ್ ಪಾತ್ರ ಪರದೆ ಮೇಲೆ ಪ್ರಾಣ ಬಿಡುತ್ತದೆ. ನಿಜವಾದ ಭೈರೋಂ ಸಿಂಗ್ ರಾಠೋಡ್ 2022ರ ಡಿಸೆಂಬರ್‌ವರೆಗೂ ಬದುಕಿದ್ದರು! ಬದುಕಿದ್ದ ಯೋಧನನ್ನೇ ಎಷ್ಟೋ ಜನ ಹುತಾತ್ಮ ಅಂದುಕೊಂಡಿದ್ದರು ಅಂದರೆ ಸಿನಿಮಾದ ಶಕ್ತಿ ಎಷ್ಟಿರಬೇಕು ನೋಡಿ.

ಸುಮ್ನೆ ಸುಳ್ಳು ಹೇಳಬೇಕೆಂದು ಹೀಗೆ ಮಾಡುವುದಿಲ್ಲ. ಸಾವು ತೋರಿಸಿದರೆ ತ್ಯಾಗ ಮನಸ್ಸಿಗೆ ನಾಟುತ್ತದೆ. ಬೇರೆ ಬೇರೆ ಊರಿನ ಸೈನಿಕರು ಮನೆಯಿಂದ ಬಂದ ಕಾಗದ ಓದುವಾಗ, ನೋಡುವವರಿಗೂ ಅವರೆಲ್ಲ ನಮ್ಮವರೇ ಅನಿಸುತ್ತದೆ. ‘ನಾವು’ ಅನ್ನುವ ಭಾವನೆ ಹುಟ್ಟುವುದು ಅಲ್ಲೇ.

ನನಗೆ ಹೆಚ್ಚು ಬೇಸರವಾಗುವುದು ಚೌಕಟ್ಟಿನಿಂದ ಹೊರಗುಳಿದವರ ಬಗ್ಗೆ. 1971ರ ಯುದ್ಧದ ಮೂಲ ಇದ್ದದ್ದು ಈಗಿನ ಬಾಂಗ್ಲಾದೇಶದಲ್ಲಿ ಅಲ್ವಾ? ಅಲ್ಲಿಂದ ಸುಮಾರು 1 ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಿದ್ದರು. ಆದರೂ ನಮ್ಮಲ್ಲಿ ಬಹಳಷ್ಟು ಜನರಿಗೆ ಆ ವರ್ಷ ಅಂದರೆ ನೆನಪಾಗುವುದು ಮರುಭೂಮಿ ಮತ್ತು ಟ್ಯಾಂಕ್‌ಗಳು ಮಾತ್ರ.